ಆನೆಯ ಪುಸ್ತಕದೊಳಗಿನ ಬೇವಿನೆಲೆ

1938ರ ಬೇಸಿಗೆ. ಶಿವಮೊಗ್ಗದ ಸಾರ್ವಜನಿಕ ಪುಸ್ತಕಾಲಯದಲ್ಲಿ ನಾನು ಲೈಬ್ರೇರಿಯನ್. ಆ ಸೋಮವಾರ ಬೆಳಿಗ್ಗೆ ನಾನು ಒಳಗೆ ಕಾಲಿಟ್ಟಾಗ ಅಲ್ಲಿದ್ದವರು ಇಬ್ಬರೇ. ಕಿಟಕಿ ಪಕ್ಕದ ಬೆಂಚಿನಲ್ಲಿ ಶೇಷಾದ್ರಿ ಶಾಸ್ತ್ರಿಗಳು ಕನ್ನಡ ಪತ್ರಿಕೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಕೂತಿದ್ದರು. ಹೈಸ್ಕೂಲಿನಲ್ಲಿ ಸಂಸ್ಕೃತ ಪಂಡಿತರಾಗಿದ್ದು ನಿವೃತ್ತರಾದವರು. ಮೇಜಿನ ಹಿಂದೆ ಜವಾನ ನಂಜಪ್ಪ, ಹಿಂದಿನ ಸಂಜೆ ಭದ್ರಾವತಿಯಿಂದ ವಾಪಸ್ ಬಂದ ಪುಸ್ತಕಗಳನ್ನು ಟ್ರಂಕಿನಿಂದ ತೆಗೆದು ಜೋಡಿಸುತ್ತಿದ್ದ. ಮೂರನೆಯವರೊಬ್ಬರು ಇರಬೇಕಿತ್ತು. ಮೂಲೆಯ ಕುರ್ಚಿಯಲ್ಲಿ ಕೂತು ಉರ್ದು ಪತ್ರಿಕೆ ಓದುವ ಟೈಲರ್ ಸತ್ತಾರ್ ಸಾಹೇಬರು ಬಾಗಿಲು ತೆಗೆಯುವ ಹೊತ್ತಿಗೇ ಬಂದುಬಿಡುವವರು. ಅವರ ಕುರ್ಚಿ ಖಾಲಿ ಇತ್ತು.

ಶಾಸ್ತ್ರಿಗಳು ನನ್ನನ್ನು ನೋಡಿದ್ದೇ ಕೈಯಲ್ಲಿದ್ದ ಒಂದು ಒಣಗಿದ ಎಸಳನ್ನು ಎತ್ತಿ ತೋರಿಸಿದರು.

“ಏನಯ್ಯ ಗೌಡ, ಯುಗಾದಿ ಮುಗಿದು ಎಷ್ಟೋ ದಿನ ಆಯ್ತು. ಇನ್ನೂ ಬೇವು ಹಂಚ್ತಾ ಇದೀಯಲ್ಲ ಮಾರಾಯ! ಬೆಲ್ಲ ಎಲ್ಲಿ?”

ನಾನೂ ನಕ್ಕೆ. ಅದನ್ನು ಈಸಿಕೊಂಡು ನೋಡಿದೆ. ಬೇವಿನ ಎಸಳು. ಪುಸ್ತಕದೊಳಗೆ ಇಟ್ಟಂತೆ ಚಪ್ಪಟೆಯಾಗಿತ್ತು. ಎಲೆಗಳ ಮೇಲೆ ಅರಿಶಿನ ಒಣಗಿ ಹಿಡಿದಿತ್ತು.

“ಇದು ಎಲ್ಲಿ ಸಿಕ್ತು?”

“ಆನೆ ಪುಸ್ತಕದಿಂದ ಉದುರ್ತು ಸ್ವಾಮಿ,” ಅಂದ ನಂಜಪ್ಪ. “ಇನ್ನೂ ಇದ್ವು. ಗುಡಿಸಿ ಹಾಕ್ದೆ.” ಅವನ ಹೆಬ್ಬೆರಳ ತುದಿ ಹಳದಿಯಾಗಿತ್ತು.

“ಪುಸ್ತಕ ಎಲ್ಲಿ?”

“ಸಾಹೇಬ್ರು ಕಾಯ್ತಾ ಇದ್ರಲ್ಲ, ಕೊಟ್ಟೆ. ಈಗ ತಾನೇ ತಗೊಂಡು ಹೋದ್ರು.”

ನನ್ನ ನಗು ಅಲ್ಲಿಗೇ ನಿಂತಿತು.

ಯಾಕೆ ಅನ್ನುವುದನ್ನು ಈಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಜ್ಜಿಯ ಬಾಯಲ್ಲಿ ನಾನು ಸಿಡುಬು ಎಂಬ ಮಾತನ್ನು ಕೇಳಿದ್ದೇ ಇಲ್ಲ. ಮನೆಗೆ ‘ಅಮ್ಮ ಬಂದಿದ್ದಾಳೆ’ ಅನ್ನುತ್ತಿದ್ದಳು. ಮೈ ಮೇಲೆ ಎದ್ದವು ಗುಳ್ಳೆಯಲ್ಲ, ಅಮ್ಮ ಇಟ್ಟ ಮುತ್ತು. ಕಾಯಿಲೆ ವಾಸಿಯಾಗುವುದಿಲ್ಲ, ಅಮ್ಮ ಇಳಿಯುತ್ತಾಳೆ. ಇಳಿದ ಮೇಲೆ ಬೇವು ಅರಿಶಿನ ಹಾಕಿದ ನೀರನ್ನು ಬಿಟ್ಟು ಬಿಟ್ಟು ಮೂರು ಸಲ ತಲೆಗೆ ಹುಯ್ಯುತ್ತಾರೆ. ಅದು ಮೂರು ನೀರು. ಮೂರನೆಯ ನೀರು ಆಗುವ ತನಕ ಆ ಮನೆಯ ವಸ್ತು ಹೊರಗೆ ಹೋಗುವ ಹಾಗಿಲ್ಲ. ಹೋಗಲೇಬೇಕಾದರೆ ಅರಿಶಿನದ ನೀರು ಚಿಮುಕಿಸಿ, ಬೇವು ಇಟ್ಟು ಕಳಿಸುತ್ತಿದ್ದರು. ಅಜ್ಜಿಯ ಪಕ್ಕ ಕೂತು ಇದನ್ನೆಲ್ಲ ನೋಡಿ ಬೆಳೆದ ನನಗೆ, ಅರಿಶಿನ ಹಚ್ಚಿದ ಬೇವಿನೆಲೆ ಪುಸ್ತಕದಿಂದ ಉದುರಿತು ಅಂದರೆ ಬೇರೆ ಅರ್ಥ ಬೇಕಿರಲಿಲ್ಲ.

ಆನೆ ಪುಸ್ತಕ ಅಂದರೆ ದೇಶದೇಶದ ಪ್ರಾಣಿಗಳ ದೊಡ್ಡ ಚಿತ್ರಗಳಿದ್ದ ಒಂದು ದಪ್ಪ ಪುಸ್ತಕ. ಅಕ್ಷರ ಕಡಿಮೆ, ಚಿತ್ರ ಜಾಸ್ತಿ. ಎರಡು ಪುಟ ತುಂಬ ನಿಂತಿದ್ದ ಒಂದು ಆನೆಯಿಂದ ಅದಕ್ಕೆ ಆ ಹೆಸರು ಬಂದಿತ್ತು. ಪ್ರತಿ ಭಾನುವಾರ ನಾನು ಒಂದು ಟ್ರಂಕಿನ ತುಂಬ ಪುಸ್ತಕ ತುಂಬಿಕೊಂಡು ರೈಲಿನಲ್ಲಿ ಭದ್ರಾವತಿಗೆ ಹೋಗುತ್ತಿದ್ದೆ. ಅಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸಗಾರರ ಮನೆಗಳ ಸಾಲಿಗೆ ಲೈನು ಅನ್ನುತ್ತಿದ್ದರು. ಆ ಲೈನಿನ ಪಕ್ಕದ ಒಂದು ತಗಡಿನ ಶೆಡ್ಡಿನಲ್ಲಿ ಟ್ರಂಕು ತೆರೆದು ಕೂರುತ್ತಿದ್ದೆ. ತಮಿಳಿನವರಿಗೆ ತಮಿಳು, ತೆಲುಗರಿಗೆ ತೆಲುಗು, ಇನ್ನು ಕೆಲವರಿಗೆ ಉರ್ದು, ಕನ್ನಡದವರಿಗೆ ಕನ್ನಡ. ಎಲ್ಲರಿಗೂ ಸಾಲುವಷ್ಟು ಪುಸ್ತಕ ಯಾವ ಭಾಷೆಯಲ್ಲೂ ನಮ್ಮಲ್ಲಿರಲಿಲ್ಲ. ಆದರೆ ಆನೆ ಪುಸ್ತಕಕ್ಕೆ ಭಾಷೆ ಬೇಕಿರಲಿಲ್ಲ. ಭದ್ರಾವತಿಯಿಂದ ಬಂದರೆ ಶಿವಮೊಗ್ಗದಲ್ಲಿ ಕಾಯುವವರು, ಇಲ್ಲಿಂದ ಹೋದರೆ ಅಲ್ಲಿ ಕಾಯುವವರು. ಅದು ಕಪಾಟಿನಲ್ಲಿ ಒಂದು ದಿನ ಕೂತದ್ದನ್ನು ನಾನು ಕಂಡಿರಲಿಲ್ಲ.

ಸತ್ತಾರ್ ಸಾಹೇಬರ ಮನೆ ಬಜಾರಿನ ಹಿಂದಿನ ಗಲ್ಲಿಯಲ್ಲಿ. ಅವರ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡು ಮಗು ಹುಟ್ಟಿದೆ ಎಂದು ಅವರು ಪುಸ್ತಕಾಲಯಕ್ಕೆಲ್ಲ ಕಲ್ಲುಸಕ್ಕರೆ ಹಂಚಿ ಇನ್ನೂ ತಿಂಗಳಾಗಿರಲಿಲ್ಲ. ಮೊದಲ ಮೊಮ್ಮಗಳು ಶಮೀಮ್ ತಮ್ಮನ ಮೇಲೆ ಹೊಟ್ಟೆಕಿಚ್ಚು ಪಟ್ಟು ಹಟ ಮಾಡುತ್ತಾಳೆ, ಅವಳನ್ನು ಕೂರಿಸುವುದಕ್ಕೆ ಆನೆ ಪುಸ್ತಕವೇ ಬೇಕು ಎಂದು ಹಿಂದಿನ ವಾರವೇ ಹೇಳಿಟ್ಟಿದ್ದರು. ಆ ಗಲ್ಲಿಗೆ ನಾನು ನಡೆದು ಹೋದೆನೋ ಓಡಿದೆನೋ ನೆನಪಿಲ್ಲ. ಜಗಲಿಯ ಮೇಲೆ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ ಸಾಹೇಬರು ನನ್ನನ್ನು ನೋಡಿ ಕಾಲು ನಿಲ್ಲಿಸಿದರು.

“ಅರೆ ಗೌಡ್ರೇ! ಪುಸ್ತಕ ತಂದು ಇನ್ನೂ ಚಾ ಕುಡಿದಿಲ್ಲ, ಅಷ್ಟರಲ್ಲೇ ವಾಪಸ್ ವಸೂಲಿಗೆ ಬಂದ್ರಾ?”

“ಪುಸ್ತಕ ಎಲ್ಲಿದೆ ಸಾಹೇಬ್ರೇ?”

“ಒಳಗೆ. ಶಮೀಮ್ ತಮ್ಮನಿಗೆ ಪಾಠ ಮಾಡ್ತಾ ಇದಾಳೆ.”

ಬಾಗಿಲ ಪರದೆ ಸ್ವಲ್ಪ ಸರಿದಿತ್ತು. ಒಳಗೆ ಚಾಪೆಯ ಮೇಲೆ ಪುಸ್ತಕ ಹರಡಿತ್ತು. ಶಮೀಮ್ ಮಂಡಿಯೂರಿ ಕೂತು, ಪಕ್ಕದಲ್ಲಿ ಮಲಗಿದ್ದ ಕೂಸಿನ ಮುಷ್ಟಿಯನ್ನು ಹಿಡಿದು ಆನೆಯ ಸೊಂಡಿಲಿನ ಮೇಲೆ ಇಟ್ಟಿದ್ದಳು. “ಹಾಥಿ ದೇಖ್, ಹಾಥಿ,” ಅನ್ನುತ್ತಿದ್ದಳು. ಹಾಳೆಯ ಅಂಚಿನಲ್ಲಿ ಅರಿಶಿನದ ಕಲೆ ನನಗೆ ಅಷ್ಟು ದೂರದಿಂದಲೂ ಕಂಡಿತು.

ಸಾಹೇಬರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದೆ. ಅವರು ಒಳಗೆ ಹೋಗಿ, ಹೊಲಿಯಲು ಬಂದಿದ್ದ ಬಟ್ಟೆಯೊಂದರಲ್ಲಿ ಪುಸ್ತಕವನ್ನು ಸುತ್ತಿ ತಂದು ನನ್ನ ಕೈಗಿಟ್ಟರು. ಹಿಂದೆಯೇ ಶಮೀಮಳ ಅಳು. ಅದರ ಹಿಂದೆ ಪರದೆಯೊಳಗಿಂದ ಅವರ ಹೆಂಡತಿ ಬೀಬಿಯವರ ದನಿ.

“ಯಾವ ಮನೇದು ಅದು? ಯಾರ ಮನೇಲಿ ಬೇಮಾರಿ ಇತ್ತು?”

“ವಿಚಾರಿಸ್ತೀನಮ್ಮ. ಮೊದಲು ಮಕ್ಕಳ ಕೈ ಸೋಪು ಹಚ್ಚಿ ತೊಳೀರಿ,” ಅಂದೆ.

ಅಲ್ಲಿಂದ ನೇರ ಹೋದದ್ದು ವ್ಯಾಕ್ಸಿನೇಟರ್ ರಂಗರಾಯರ ಬಳಿಗೆ. ಸಿಡುಬಿಗೆ ತೋಳಿನಲ್ಲಿ ಗೀರಿ ಹಾಕುತ್ತಿದ್ದ ಲಸಿಕೆಗೆ ಜನ ದಾಕು ಅನ್ನುತ್ತಿದ್ದರು. ದಾಕಿನ ರಾಯರು ಅಂದರೆ ಇವರೇ. ಸಣ್ಣ ಗಾಜಿನ ಕೊಳವೆಗಳಲ್ಲಿ ಬೆಂಗಳೂರಿನಿಂದ ಬರುತ್ತಿದ್ದ ಲಿಂಫ್ ಎಂಬ ಲಸಿಕೆಯ ರಸವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಕೆಯಲ್ಲಿಟ್ಟು ಕಾಯುತ್ತಿದ್ದರು. ನನ್ನ ಮಾತನ್ನೆಲ್ಲ ಕೇಳಿ ಅವರು ತಕ್ಷಣ ಎದ್ದು ಹೊರಡುತ್ತಾರೆ ಅಂದುಕೊಂಡಿದ್ದೆ. ಏಳಲಿಲ್ಲ.

“ಶಮೀಮ್‌ಗೆ ನಾನೇ ಹಾಕಿದೀನಿ, ಆ ಮನೇಲಿ ಉಳಿದವರಿಗೂ ಆಗಿದೆ. ಕೂಸಿನ ವಿಷಯ ಬೇರೆ. ಅಷ್ಟು ಎಳೆ ಮೈಗೆ ದಾಕು ಹಾಕಿದ್ರೆ ಜ್ವರ ಕಾಯುತ್ತೆ, ಒಂದೊಂದು ಸಲ ಜೋರಾಗೇ ಕಾಯುತ್ತೆ. ಬಂದಿದ್ದ ಅಮ್ಮ ಯಾವುದು ಅಂತ ಗೊತ್ತಾಗಬೇಕು ಗೌಡ್ರೇ. ಸೀತಾಳೆ ಸಿಡುಬಾಗಿದ್ರೆ ದಾಕಿಂದ ಏನೂ ಉಪಯೋಗ ಇಲ್ಲ, ಕೂಸಿಗೆ ಸುಮ್ನೆ ತೊಂದರೆ. ದೊಡ್ಡ ಸಿಡುಬೇ ಆಗಿದ್ರೆ ನಾಳೆಯೊಳಗೆ ಹಾಕಲೇಬೇಕು. ತಡ ಆದ್ರೆ ಹಾಕಿಯೂ ಪ್ರಯೋಜನ ಇಲ್ಲ.”

“ಅದನ್ನ ನಾನು ಹೇಗೆ ಕಂಡುಹಿಡೀಲಿ?”

“ಒಂದೇ ಮಾತು ಕೇಳ್ಕೊಂಡು ಬನ್ನಿ. ಅಂಗೈ, ಅಂಗಾಲಿಗೆ ಬಂದಿತ್ತಾ? ಸೀತಾಳೆ ಹೊಟ್ಟೆ ಬೆನ್ನಿಗೆ ಜಾಸ್ತಿ, ಅಂಗೈಗೆ ಹೋಗೋದು ಅಪರೂಪ. ದೊಡ್ಡದು ಅಂಗಾಲನ್ನೂ ಬಿಡಲ್ಲ.” ಅಷ್ಟು ಹೇಳಿ, ನಾನು ಬಾಗಿಲು ದಾಟುವಾಗ ಮತ್ತೆ ಕರೆದರು. “ಹೆಲ್ತ್ ಇನ್ಸ್‌ಪೆಕ್ಟರನ್ನ ಕರ್ಕೊಂಡು ಹೋಗಬೇಡಿ. ಟೋಪಿ ಕಂಡರೆ ಇಡೀ ಲೈನಿನ ಬಾಗಿಲು ಮುಚ್ಚುತ್ತೆ. ಕಾಯಿಲೆಯವರನ್ನ ಊರಾಚೆ ಶೆಡ್ಡಿಗೆ ಹಾಕ್ತಾರೆ ಅಂತ ಭಯ ಅವರಿಗೆ.”

ಪುಸ್ತಕದ ಗಂಟನ್ನು ರಾಯರ ಬಳಿಯೇ ಬಿಟ್ಟು ಮಧ್ಯಾಹ್ನದ ಗಾಡಿ ಹತ್ತಿದೆ. ಮಾಚೇನಹಳ್ಳಿಯ ಹೊಲಗಳು ಬಿಸಿಲಿಗೆ ಕುದಿಯುತ್ತಿದ್ದವು. ನನ್ನ ತಲೆಯಲ್ಲಿ ಒಂದೇ ಲೆಕ್ಕಾಚಾರ. ಪುಸ್ತಕ ತೆಗೆದುಕೊಂಡು ಹೋಗಿದ್ದವಳು ಕಣ್ಣಮ್ಮ ಎಂಬ ತಮಿಳು ಹೆಂಗಸು. ಗಂಡ ಪಳನಿ ಕಾರ್ಖಾನೆಯ ಎರಕದ ವಿಭಾಗದಲ್ಲಿ ಕೆಲಸಗಾರ. ಭಾನುವಾರ ಪುಸ್ತಕವನ್ನು ಅವಳು ತರಲಿಲ್ಲ, ಪಕ್ಕದ ಮನೆಯವರು ಯಾರೋ ತಂದು ಕೊಟ್ಟಿದ್ದರು. ಆ ಗದ್ದಲದಲ್ಲಿ ಪುಸ್ತಕ ನೇರ ಟ್ರಂಕಿಗೆ ಹೋಗಿತ್ತು. ಈಗ ಅವಳ ಮನೆ ಬಾಗಿಲಿಗೆ ಹೋಗಿ ‘ನಿಮ್ಮ ಮನೆಯಲ್ಲಿ ಸಿಡುಬು ಇತ್ತೇ?’ ಅಂದರೆ ಯಾವ ತಾಯಿ ಹೂಂ ಅಂದಾಳು? ಇಲ್ಲ ಅಂದುಬಿಟ್ಟರೆ ನಾನು ರಂಗರಾಯರಿಗೆ ಏನು ಹೇಳಲಿ? ಇಲ್ಲ ಅಂದದ್ದನ್ನು ನಂಬಿ ಸುಮ್ಮನಾದರೆ ಆ ಕೂಸಿನ ಗತಿ ಏನು?

ಕಣ್ಣಮ್ಮನ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಬಾಡಿತ್ತು, ಆದರೆ ಬಿಚ್ಚಿರಲಿಲ್ಲ. ನನ್ನನ್ನು ಕಂಡದ್ದೇ ಅವಳು ಹೊಸ್ತಿಲಾಚೆಯೇ ನಿಂತುಬಿಟ್ಟಳು. ಕೈ ಮುಗಿದಳು.

“ಪುಸ್ತಕ ಕೆಟ್ಟೋಯ್ತಾ ಐಯ್ಯಾ? ಅಂಚಲ್ಲಿ ಸ್ವಲ್ಪ ಮಂಜಳ್ ಆಗದೆ. ಒಂದು ಹಾಳೆ ಮಡಚಿದ್ದು ನಮ್ ಹುಡುಗ. ಒರೆಸಿದೆ, ಹೋಗಿಲ್ಲ.”

ಆ ಹೆಂಗಸಿಗೆ ಇದ್ದ ಚಿಂತೆ ಅದು. ನಾನು ಜಗಲಿಯ ಕಲ್ಲಿನ ಮೇಲೆ ಕೂತೆ. ಬಾಯಾರಿತ್ತು. ಎಲ್ಲಿಂದ ಶುರು ಮಾಡಲಿ ಅನ್ನುವುದು ಹೊಳೆಯದೆ ಕೂತಾಗ ಅಜ್ಜಿಯ ಮಾತೇ ನಾಲಿಗೆಗೆ ಬಂತು.

“ಪುಸ್ತಕ ಹಾಗಿರಲಿ ತಾಯಿ. ಅಮ್ಮ ಇಳಿದ್ಲಾ?”

ಅವಳು ನನ್ನ ಮುಖವನ್ನೇ ನೋಡಿದಳು. ಕುತ್ತಿಗೆ ಗಟ್ಟಿ ಮಾಡಿಕೊಂಡು ನಿಂತಿದ್ದವಳು ಬಾಗಿಲ ಚೌಕಟ್ಟಿಗೆ ಒರಗಿದಳು.

“ಇಳಿದ್ಲು ಐಯ್ಯಾ. ಮೊದಲ್ನೇ ತಣ್ಣಿ ಹುಯ್ದಾಯ್ತು. ಇನ್ನೆರಡು ಬಾಕಿ.”

“ಮುತ್ತು ಜಾಸ್ತಿ ಇಟ್ಟಿದ್ಲಾ?”

“ಮೈಯೆಲ್ಲಾ. ಮುಖದಲ್ಲಿ ಸೂಜಿ ಊರೋಕೆ ಜಾಗ ಇಲ್ಲ. ಕೆರ್ಕೊಂಡ್ರೆ ಕಣ್ಣು ಹೋಗ್ತದೆ ಅಂದ್ರು. ಕೈ ಹಿಡ್ಕೊಂಡು ಎಷ್ಟೊತ್ತು ಕೂತ್ಕೊಳ್ಳೋದು? ನಿಮ್ ಪುಸ್ತಕ ತೆಗೆದು ತೋರಿಸ್ತಿದ್ದೆ. ಹಾಳೆ ತಿರುಗಿಸು ಕಣ್ಣಾ, ಆನೆ ಎಲ್ಲಿದೆ ಹುಡುಕು ಅಂತಿದ್ದೆ. ಕೈ ಪುಸ್ತಕದ ಮೇಲಿದ್ರೆ ಮುಖಕ್ಕೆ ಹೋಗ್ತಿರಲಿಲ್ಲ.”

ನನಗೆ ಮುಂದಿನ ಮಾತು ಕೇಳಲು ಮನಸ್ಸಾಗಲಿಲ್ಲ. ಕೇಳಲೇಬೇಕಿತ್ತು.

“ಅಂಗೈ ಮೇಲೂ ಮುತ್ತು ಇಟ್ಟಿದ್ಲಾ ತಾಯಿ?”

“ಇಟ್ಟಿದ್ಲು. ಅಂಗಾಲಲ್ಲೂ. ಕಾಲು ಊರೋಕಾಗ್ತಿರಲಿಲ್ಲ ಮಗೂಗೆ.”

ಅಲ್ಲಿಗೆ ಗೊತ್ತಾಯಿತು. ಒಳಗಿಂದ ಒಂದು ಬಡಕಲು ದನಿ ಕೇಳಿತು, “ಆನೈ ಬುಕ್ಕು ವಂದುಡ್ಚಾಮ್ಮಾ?” ಆನೆ ಪುಸ್ತಕ ಬಂತಾ ಎಂದು ಕೇಳುತ್ತಿದ್ದ ಹುಡುಗ. ಅವನ ಹೆಸರು ಸೆಲ್ವ. ಕಣ್ಣಮ್ಮ ತಿರುಗಿ ಏನೋ ಸಮಾಧಾನ ಹೇಳಿ ನನ್ನ ಕಡೆ ನೋಡಿದಳು.

“ಮೂರು ನೀರು ಆಗೋತನಕ ಇಟ್ಕೊಂಡಿರಬೇಕಿತ್ತು ತಾಯಿ. ಯಾಕೆ ಕಳಿಸಿದಿರಿ?” ಅಂದೆ.

“ಗಡುವು ಮುಗೀತಲ್ಲ? ದಾಟಿದ್ರೆ ಮತ್ತೆ ಪುಸ್ತಕ ಕೊಡಲ್ಲ ಅಂತ ಶೆಡ್ಡಲ್ಲಿ ಬರ್ದು ಹಾಕವ್ರೆ. ಈ ವಾರ ಕೊಟ್ರೆ ಮುಂದಿನ ಸಲ ಇವನಿಗೆ ಮತ್ತೆ ಸಿಗ್ತದೆ ಅಂತ ಕೊಟ್ಟೆ. ಹಂಗೇ ಕಳಿಸಿಲ್ಲ ಐಯ್ಯಾ, ಹಾಳೆ ಹಾಳೆಗೂ ಬೇವು ಇಟ್ಟು, ಮಂಜಳ್ ತಣ್ಣಿ ಚಿಮುಕಿಸಿ, ಶುದ್ಧ ಮಾಡೇ ಕಳಿಸಿದ್ದು.”

ಅವಳಿಗೆ ನಾನು ನಿಜ ಹೇಳಿದೆ. ಬೇವಿಗೂ ಅರಿಶಿನಕ್ಕೂ ತಡೆಯದ್ದು ಆ ಹಾಳೆಗಳಲ್ಲಿ ಉಳಿದಿರಬಹುದು, ಅದು ಶಿವಮೊಗ್ಗದಲ್ಲಿ ಒಂದು ಹಸುಗೂಸಿನ ಪಕ್ಕಕ್ಕೆ ಹೋಗಿಬಿಟ್ಟಿದೆ ಎಂದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಯಾವ ಮನೆ ಕೂಸು?”

ಬೆಳಿಗ್ಗೆ ಬೀಬಿಯವರು ಕೇಳಿದ ಪ್ರಶ್ನೆಯೇ. ಅವರಿಗೂ ಹೇಳಿರಲಿಲ್ಲ, ಇವಳಿಗೂ ಹೇಳಲಿಲ್ಲ. “ದಾಕಿನವರು ನಾಳಿದ್ದು ಈ ಕಡೆ ಬರ್ತಾರೆ. ಟೋಪಿ ಹಾಕ್ಕೊಂಡು ಬರಲ್ಲ. ಅವರನ್ನ ಮನೆಮನೆಗೆ ನೀವೇ ಕರ್ಕೊಂಡು ಹೋಗಬೇಕು,” ಅಂದೆ. ತಲೆಯಾಡಿಸಿದಳು.

ಮರುದಿನ ಬೆಳಿಗ್ಗೆ ರಂಗರಾಯರೊಂದಿಗೆ ಸತ್ತಾರ್ ಸಾಹೇಬರ ಜಗಲಿಯಲ್ಲಿದ್ದೆ. ಅಲ್ಲಿ ಇನ್ನೊಂದು ಕಷ್ಟ. ಅವರಲ್ಲಿ ಬಾಣಂತಿಗೆ ನಲವತ್ತು ದಿನ ತುಂಬುವವರೆಗೆ ಆ ಕೋಣೆಗೆ ಹೊರಗಿನವರು ಕಾಲಿಡುವಂತಿಲ್ಲ, ಕೂಸನ್ನು ಹೊಸ್ತಿಲು ದಾಟಿಸುವಂತಿಲ್ಲ. ಅದಕ್ಕಿಂತ ದೊಡ್ಡ ಕಷ್ಟ ಬೀಬಿಯವರ ಸಿಟ್ಟು. ಪರದೆಯ ಹಿಂದೆ ನಿಂತು ಅವರು ಒಂದೇ ಹಿಡಿದರು.

“ಮೊದಲು ಆ ಮನೆ ಹೆಸರು ಹೇಳಿ. ನಮ್ಮ ಕೂಸಿಗೆ ಬೇಮಾರಿ ಕಳಿಸಿದವರು ಯಾರು ಅಂತ ನನಗೆ ಗೊತ್ತಾಗಬೇಕೋ ಬೇಡ್ವೋ?”

ಸಾಹೇಬರು ತಲೆ ತಗ್ಗಿಸಿ ಕೂತಿದ್ದರು. ರಂಗರಾಯರು ಪೆಟ್ಟಿಗೆಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದರು. ಹೇಳಿಬಿಡೋಣ ಅಂತ ಒಂದು ಕ್ಷಣ ನನಗೂ ಅನ್ನಿಸಿತು. ಹೇಳಿದ್ದರೆ ಅವರು ಒಪ್ಪಿಬಿಡುತ್ತಿದ್ದರೇನೋ.

“ಬೀಬಿ, ಹೆಸರು ಹೇಳಿದ್ರೆ ಆ ತಾಯಿ ಇನ್ನು ಮೇಲೆ ನನಗೆ ನಿಜ ಹೇಳಲ್ಲ,” ಅಂದೆ. “ನಿನ್ನೆ ಆಕೆ ನಿಜ ಹೇಳಿದ್ದಕ್ಕೇ ಇವತ್ತು ನಿಮ್ಮ ಬಾಗಿಲಿಗೆ ದಾಕು ಬಂದಿರೋದು. ತನ್ನ ಮಗ ಮೈ ಕೆರ್ಕೊಳ್ಳದೆ ಇರಲಿ ಅಂತ ಆ ಪುಸ್ತಕ ತೋರಿಸ್ತಿದ್ಲು. ನಿಮ್ಮ ಶಮೀಮ್ ಹಟ ಮಾಡದೆ ಇರಲಿ ಅಂತ ನೀವು ತರಿಸಿದ ಹಾಗೇನೇ.”

ಪರದೆಯ ಹಿಂದೆ ಬಳೆಗಳ ಶಬ್ದ. ಪರದೆಯ ಸಂದಿಯಿಂದ ಒಂದು ಪುಟ್ಟ ತೋಳು ಹೊರಗೆ ಬಂತು, ಹೆಗಲವರೆಗೆ ಮಾತ್ರ. ಕೂಸೂ ಹೊಸ್ತಿಲು ದಾಟಲಿಲ್ಲ, ರಾಯರೂ ಒಳಗೆ ಹೋಗಲಿಲ್ಲ. ಆ ತೋಳು ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ ಇತ್ತು. ರಾಯರು ಗೀರಿದರು, ಕೂಸು ಕಿರುಚಿತು, ಸಾಹೇಬರು ಎದ್ದು ಗಲ್ಲಿಯ ತುದಿಗೆ ಹೋಗಿ ನಿಂತರು.

ಅದಾದ ಮೇಲೆ ಉಳಿದದ್ದು ಕಾಯುವುದು. ಸಿಡುಬು ಒಳಹೊಕ್ಕರೆ ಹೊರಗೆ ಕಾಣಲು ಹೆಚ್ಚು ಕಡಿಮೆ ಎರಡು ವಾರ ಬೇಕು. ದಾಕು ಮೊದಲು ಹಿಡಿಯುತ್ತದೋ ಕಾಯಿಲೆ ಮೊದಲು ಏಳುತ್ತದೋ ಅನ್ನುವುದು ಯಾರ ಕೈಯಲ್ಲೂ ಇರಲಿಲ್ಲ.

ಈ ನಡುವೆ ಪುಸ್ತಕದ ಗತಿ ಕಾಣಿಸಬೇಕಿತ್ತು. ಸುತ್ತಿದ ಬಟ್ಟೆಯ ಸಮೇತ ಸುಡಬೇಕು ಅಂದರು ರಂಗರಾಯರು. ಶಾಸ್ತ್ರಿಗಳು ಅದನ್ನು ಕೇಳಿ ಪುಸ್ತಕಾಲಯದ ಹಿತ್ತಿಲಿಗೇ ಬಂದರು.

“ಪುಸ್ತಕಕ್ಕೆ ಬೆಂಕಿ ಇಡೋದಾ? ಸರಸ್ವತಿ ಕಣಯ್ಯ ಅದು! ಹಳೇ ಗ್ರಂಥ ಆದ್ರೆ ಹೊಳೆಗೆ ಬಿಡ್ತಾರೆ. ತುಂಗೆಗೆ ಬಿಟ್ಬಿಡು.”

“ಕೆಳಗಿನ ಘಾಟಿನಲ್ಲಿ ಮಕ್ಕಳು ಈಜ್ತಾ ಇರ್ತಾವೆ ಶಾಸ್ತ್ರಿಗಳೇ. ತೇಲ್ತಾ ಬಂದ ಆನೆ ಪುಸ್ತಕ ಕಂಡರೆ ಯಾವ ಹುಡುಗ ಬಿಡ್ತಾನೆ?”

ಅವರು ಯೋಚಿಸಿದರು. ಮೇಲುವಸ್ತ್ರ ಬಿಗಿದುಕೊಂಡು, ಕಣ್ಣು ಮುಚ್ಚಿ, ಏನೋ ಮಂತ್ರ ಹೇಳಿದರು. “ಇಡು ಹಾಗಾದ್ರೆ. ಪಾಪ ಏನಾದ್ರೂ ಬಂದ್ರೆ ನಾವಿಬ್ಬರೂ ಅರ್ಧರ್ಧ ಹಂಚಿಕೊಳ್ಳೋಣ,” ಅಂದರು. ದಪ್ಪ ಹಾಳೆಗಳು ಬೇಗ ಹತ್ತಲಿಲ್ಲ. ಆನೆಯ ಪುಟ ಕೊನೆಗೆ ಸುರುಟಿಕೊಂಡಿತು.

ಸುದ್ದಿ ನಮ್ಮ ಕಮಿಟಿಯ ಅಧ್ಯಕ್ಷರಿಗೂ ಹೋಯಿತು. “ಲೈನಿಗೆ ಪುಸ್ತಕ ಕಳಿಸಬೇಡಿ ಅಂತ ಮೊದಲೇ ಹೇಳಿದ್ದೆ,” ಎಂದು ಭದ್ರಾವತಿಯ ಟ್ರಂಕನ್ನು ನಿಲ್ಲಿಸಿದರು. ಕೂಸಿಗೆ ಏನಾದರೂ ಆದರೆ ಆ ಟ್ರಂಕು ಇನ್ನು ಏಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನನಗೆ ಟ್ರಂಕಿನ ಯೋಚನೆ ಅಷ್ಟಾಗಿ ಬರಲಿಲ್ಲ. ಬೆಳಿಗ್ಗೆ ಎದ್ದರೆ ಆ ಪುಟ್ಟ ತೋಳು ಕಣ್ಣ ಮುಂದೆ ಬರುತ್ತಿತ್ತು.

ಸತ್ತಾರ್ ಸಾಹೇಬರು ಪುಸ್ತಕಾಲಯಕ್ಕೆ ಬರುವುದನ್ನು ತಾವಾಗಿಯೇ ನಿಲ್ಲಿಸಿದರು. ‘ನನ್ನಿಂದ ಇನ್ನೊಬ್ಬರಿಗೆ ಬೇಡ’ ಎಂದು ಹೇಳಿ ಕಳಿಸಿದ್ದರು. ಉರ್ದು ಪತ್ರಿಕೆಗಳು ಮಡಿಕೆ ಬಿಚ್ಚದೆ ಒಂದರ ಮೇಲೊಂದು ಕೂತವು. ನಾನು ದಿನಾ ಆ ಗಲ್ಲಿಯ ಮೂಲಕವೇ ಕೆಲಸಕ್ಕೆ ಹೋಗುತ್ತಿದ್ದೆ. ದೂರದಿಂದ ಮಿಷನ್ನಿನ ಸದ್ದು ಕೇಳಿದರೆ ಹೆಜ್ಜೆ ಹಗುರವಾಗುತ್ತಿತ್ತು. ನಂಜಪ್ಪ ದಾಕು ಹಾಕಿಸಿಕೊಂಡಿದ್ದರೂ ಹೊತ್ತಿಗೊಂದು ಸಲ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. “ನೋಡಿ ಸ್ವಾಮಿ, ಇಲ್ಲೇನೋ ಎದ್ದಂಗಿಲ್ವಾ?” “ಅದು ನೀನು ಕಚ್ಚಿಕೊಂಡ ಉಗುರು ಕಣೋ,” ಅನ್ನುತ್ತಿದ್ದರು ಶಾಸ್ತ್ರಿಗಳು. ಹಾಗೆಂದವರೇ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, “ಸಾಹೇಬನ ಮನೆ ಸಮಾಚಾರ?” ಎಂದು ಕೇಳುತ್ತಿದ್ದರು. ದಿನಾ ಕೇಳುತ್ತಿದ್ದರು.

ಎರಡನೆಯ ವಾರದಲ್ಲಿ ಒಂದು ಬೆಳಿಗ್ಗೆ ಗಲ್ಲಿಯಲ್ಲಿ ಮಿಷನ್ನಿನ ಸದ್ದಿರಲಿಲ್ಲ. ಜಗಲಿಯ ಮೇಲೆ ಸಾಹೇಬರು ಮೊಣಕಾಲಿಗೆ ಕೈ ಕಟ್ಟಿ ಕೂತಿದ್ದರು. “ಜ್ವರ ಗೌಡ್ರೇ. ರಾತ್ರಿಯಿಂದ ಹಾಲು ಕುಡೀತಿಲ್ಲ,” ಅಂದರು. ರಂಗರಾಯರನ್ನು ಕರೆತಂದೆ. ಪರದೆಯ ಸಂದಿಯಿಂದ ತೋಳು ಮತ್ತೆ ಬಂತು. ಗೀರಿದ ಜಾಗದಲ್ಲಿ ಒಂದು ಗುಳ್ಳೆ ತುಂಬಿಕೊಂಡು ನಿಂತಿತ್ತು, ಸುತ್ತಲೂ ಕೆಂಪಗೆ.

“ಇದು ದಾಕು ಹಿಡಿದಿರೋ ಗುರುತು,” ಅಂದರು ರಾಯರು. “ಜ್ವರ ಇದರದ್ದೇ ಇರಬೇಕು.”

“ಇರಬೇಕು ಅಂದ್ರೆ?” ಪರದೆಯ ಹಿಂದಿನಿಂದ ಬೀಬಿಯವರು.

“ಮೈ ಮೇಲೆ ಬೇರೆ ಕಡೆ ಏನೂ ಏಳದಿದ್ರೆ ಇದರದ್ದೇ. ಎದ್ದರೆ…” ರಾಯರು ಆ ತೋಳನ್ನು ಮೆಲ್ಲಗೆ ಪರದೆಯೊಳಕ್ಕೆ ಸರಿಸಿದರು. “ಎರಡು ಮೂರು ದಿನ ನೋಡಬೇಕಮ್ಮ.”

ನನ್ನ ಕೆಲಸದ ಜೀವನದಲ್ಲಿ ಅಷ್ಟು ಉದ್ದದ ದಿನಗಳನ್ನು ನಾನು ಕಾಣೆ. ಪುಸ್ತಕ ಕೊಡುತ್ತಿದ್ದೆ, ಈಸಿಕೊಳ್ಳುತ್ತಿದ್ದೆ. ವಾಪಸ್ ಬಂದ ಪ್ರತಿ ಪುಸ್ತಕವನ್ನೂ ಹಾಳೆ ಹಾಳೆ ಮಗುಚಿ ನೋಡುತ್ತಿದ್ದೆ. ಓದುಗರು ಪುಸ್ತಕದೊಳಗೆ ಏನೇನು ಇಡುತ್ತಾರೆ ಅನ್ನುವುದು ಆ ಬೇಸಿಗೆಯಲ್ಲೇ ನನಗೆ ಸರಿಯಾಗಿ ತಿಳಿದದ್ದು. ಒಣ ಸಂಪಿಗೆ, ರೈಲು ಟಿಕೆಟ್ಟು, ನವಿಲುಗರಿ, ಯಾರದೋ ಉದ್ದ ಕೂದಲು. ಒಂದೊಂದನ್ನೂ ಬೆಳಕಿಗೆ ಹಿಡಿದು ಅರಿಶಿನದ ಕಲೆ ಇದೆಯೇ ಎಂದು ನೋಡುತ್ತಿದ್ದೆ.

ಕೊನೆಗೆ ಒಂದು ಬೆಳಿಗ್ಗೆ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಕೇಳಿ ತಲೆ ಎತ್ತಿದೆ. ಸತ್ತಾರ್ ಸಾಹೇಬರು. ಯಾರ ಮುಖವನ್ನೂ ನೋಡದೆ ಮೂಲೆಯ ಕುರ್ಚಿಗೆ ಹೋಗಿ ಕೂತರು. ಪತ್ರಿಕೆಗಳ ರಾಶಿಯನ್ನು ಎಳೆದುಕೊಂಡರು.

“ಏನ್ ನಂಜಪ್ಪ ಇದು? ತಾರೀಕಿನ ಪ್ರಕಾರ ಇಡೋಕೆ ನಿನಗೆ ಏನಾಗಿದೆ? ಹೊಸದು ಕೆಳಗೆ, ಹಳೇದು ಮೇಲೆ!”

ನಂಜಪ್ಪ ಬೈಸಿಕೊಂಡು ಹಲ್ಲು ಬಿಟ್ಟ. ಶಾಸ್ತ್ರಿಗಳು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು, ಅದು ತಲೆಕೆಳಗಾಗಿತ್ತು. ನಾನು ಏನನ್ನೂ ಕೇಳಬೇಕಾಗಲಿಲ್ಲ.

ಭದ್ರಾವತಿಯಲ್ಲಿ ಕಣ್ಣಮ್ಮ ಮಾತು ಉಳಿಸಿಕೊಂಡಿದ್ದಳು. ರಂಗರಾಯರನ್ನು ಬಾಗಿಲು ಬಾಗಿಲಿಗೂ ಕರೆದುಕೊಂಡು ಹೋಗಿ, ತಮಿಳಿನಲ್ಲೂ ತನಗೆ ಬಂದ ತೆಲುಗಿನಲ್ಲೂ ಒಪ್ಪಿಸಿ, ಮಕ್ಕಳ ತೋಳು ಹಿಡಿದು ಕೊಟ್ಟಳಂತೆ. ರಾಯರು ದಾಕು ಮುಗಿಸಿದ ಮೇಲೆ ವರದಿ ಬರೆದರು. ಬರೆಯದೆ ಇರುವಂತಿರಲಿಲ್ಲ, ಆದರೆ ಮೊದಲು ದಾಕು, ಆಮೇಲೆ ವರದಿ ಎಂಬ ಮಾತಿಗೆ ನಿಂತರು. ಲೈನಿನಲ್ಲಿ ಹೊಸದಾಗಿ ಯಾರಿಗೂ ಬರಲಿಲ್ಲ. ಸೆಲ್ವ ಉಳಿದ. ಅವನ ಬಲಗಣ್ಣಿನಲ್ಲಿ ಮಾತ್ರ ಹೂ ಬಿದ್ದು ದೃಷ್ಟಿ ಹೋಗಿತ್ತು. ತಾಯಿ ಕೈ ಹಿಡಿದು ಕಾದದ್ದರಿಂದ ಇನ್ನೊಂದು ಕಣ್ಣು ಉಳಿದಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಅಧ್ಯಕ್ಷರು ಟ್ರಂಕಿಗೆ ಒಪ್ಪಿದರು. ಒಪ್ಪಿಸಿದವರು ಶಾಸ್ತ್ರಿಗಳು, ಹೇಗೆ ಅನ್ನುವುದನ್ನು ಅವರು ಹೇಳಲಿಲ್ಲ. ನಾನು ಶೆಡ್ಡಿನ ಗೋಡೆಯ ಮೇಲಿದ್ದ ಗಡುವಿನ ಬೋರ್ಡನ್ನು ಇಳಿಸಿ ಒಂದು ಸಾಲು ಸೇರಿಸಿದೆ. ಮನೆಯಲ್ಲಿ ಅಮ್ಮ ಇದ್ದರೆ ಟ್ರಂಕಿನ ಹಿಡಿಕೆಗೆ ಒಂದು ಬೇವಿನ ಎಸಳು ಕಟ್ಟಿ ಹೋಗಿ, ಯಾರೂ ಏನೂ ಕೇಳುವುದಿಲ್ಲ, ಮೂರು ನೀರು ಆಗುವ ತನಕ ಆ ಮನೆಯ ಪುಸ್ತಕಕ್ಕೆ ಗಡುವಿಲ್ಲ. ಇದನ್ನು ಅಲ್ಲಿ ಆಡುವ ಅಷ್ಟೂ ಭಾಷೆಗಳಲ್ಲಿ ಬರೆಸಿದೆ. ನನಗೆ ಆ ಕೆಲಸ ಕಲಿಸಿದ ಪಾಠ ಏನು ಎಂದು ಯಾರಾದರೂ ಕೇಳಿದರೆ ನಾನು ಆ ಬೋರ್ಡನ್ನೇ ಹೇಳುತ್ತೇನೆ. ಜನ ಬಾಯಿ ಬಿಟ್ಟು ಹೇಳಲಾಗದ್ದಕ್ಕೂ ನಿಯಮದಲ್ಲಿ ಒಂದು ಜಾಗ ಇರಬೇಕು. ಇಲ್ಲದಿದ್ದರೆ ನಿಯಮವನ್ನು ತುಂಬ ಚೆನ್ನಾಗಿ ಪಾಲಿಸುವವರಿಂದಲೇ ಅನಾಹುತ ಆಗುತ್ತದೆ.

ಟ್ರಂಕು ಹೊರಡುವುದಕ್ಕೆ ಕೆಲವು ದಿನ ಮೊದಲು ಸತ್ತಾರ್ ಸಾಹೇಬರು ನನ್ನ ಮೇಜಿನ ಹತ್ತಿರ ಬಂದು ನಿಂತರು.

“ಯಾವ ಮನೆ ಅಂತ ಹೇಳಬೇಡಿ ಗೌಡ್ರೇ. ಆ ಹುಡುಗನಿಗೆ ಯಾವ ಚಿತ್ರ ಇಷ್ಟ ಅಂತ ಮಾತ್ರ ಹೇಳಿ.”

“ಆನೆ,” ಅಂದೆ.

ಸುಟ್ಟ ಪುಸ್ತಕದ ಇನ್ನೊಂದು ಪ್ರತಿ ನಮಗೆ ಎಲ್ಲೂ ಸಿಕ್ಕಿರಲಿಲ್ಲ. ಓದುಗರೇ ಚಿತ್ರ ತಂದು ಕೊಟ್ಟಿದ್ದರು: ಹಳೆಯ ಕ್ಯಾಲೆಂಡರು, ಬೆಂಕಿಪೊಟ್ಟಣದ ಹುಲಿ, ಶಾಸ್ತ್ರಿಗಳ ಪಂಚಾಂಗದ ರಕ್ಷಾಪುಟದ ಹಂಸ. ಸಾಹೇಬರು ಅವನ್ನೆಲ್ಲ ಬಟ್ಟೆಗೆ ಅಂಟಿಸಿ, ಮಿಷನ್ನಿನಲ್ಲಿ ಅಂಚು ಹೊಲಿದು ಪುಸ್ತಕ ಮಾಡಿದರು. ದೊಡ್ಡ ಆನೆಯ ಚಿತ್ರ ಯಾರಲ್ಲೂ ಸಿಗಲಿಲ್ಲ. ಕೋಟು ಹೊಲಿಯಲು ತಂದ ಕಪ್ಪು ಬಟ್ಟೆಯ ತುಂಡಿನಲ್ಲಿ ಅವರೇ ಆನೆ ಕತ್ತರಿಸಿ ನಡುವಿನ ಎರಡು ಪುಟಕ್ಕೆ ಹೊಲಿದರು. ಕಣ್ಣಿಗೆ ಒಂದು ಕೋಟಿನ ಗುಂಡಿ.

ಟ್ರಂಕು ಮತ್ತೆ ಹೋದ ಮೊದಲ ಭಾನುವಾರ ಶೆಡ್ಡಿನಲ್ಲಿ ಸೆಲ್ವ ಪುಸ್ತಕ ತೆರೆದ. ಮುಖದ ತುಂಬ ಕಲೆ. ಆನೆಯ ಸೊಂಡಿಲಿನಿಂದ ಮೇಲಕ್ಕೆ ಬೆರಳು ಎಳೆದುಕೊಂಡು ಹೋಗಿ ಗುಂಡಿಯ ಮೇಲೆ ನಿಲ್ಲಿಸಿದ. ತಾಯಿಯ ಕಡೆ ತಿರುಗಿ ನಕ್ಕ.

“ಇದ್ಕೂ ಒಂದೇ ಕಣ್ಣು, ಅಮ್ಮಾ!”

ಕಣ್ಣಮ್ಮ ಪುಸ್ತಕವನ್ನು ಮನೆಗೆ ಒಯ್ದಳು. ಗಡುವಿಗೆ ಸರಿಯಾಗಿ ವಾಪಸ್ ತಂದುಕೊಟ್ಟಳು. ಹಾಳೆ ಮಗುಚಿ ನೋಡಿದೆ. ಒಳಗೆ ಏನೂ ಇರಲಿಲ್ಲ. ಆನೆಯ ಕಣ್ಣಿನ ಗುಂಡಿ ಮಾತ್ರ ಸಡಿಲವಾಗಿ ದಾರದಲ್ಲಿ ಜೋತಾಡುತ್ತಿತ್ತು. ಶಿವಮೊಗ್ಗಕ್ಕೆ ಬಂದು ಅದನ್ನು ಸತ್ತಾರ್ ಸಾಹೇಬರಿಗೆ ಕೊಟ್ಟೆ. ಅವರು ಗುಂಡಿಯನ್ನು ಬೆರಳಿನಿಂದ ತಿರುಗಿಸಿ ನೋಡಿದರು, ಏನೂ ಕೇಳಲಿಲ್ಲ. ಮನೆಯಲ್ಲಿ ತೊಡೆಯ ಮೇಲೆ ಮೊಮ್ಮಗನನ್ನು ಕೂರಿಸಿಕೊಂಡು, ದಪ್ಪ ದಾರ ಹಾಕಿ ಗಟ್ಟಿಯಾಗಿ ಹೊಲಿದು, ಮಾರನೆಯ ದಿನ ವಾಪಸ್ ತಂದುಕೊಟ್ಟರು.